ಏಳುವುದಕ್ಕೆ ಆರು ಹಂತ

ಬೀಳುವುದರಿಂದ ಶುರು ಮಾಡಲೋ, ಏಳುವುದರಿಂದ ಶುರು ಮಾಡಲೋ ಎಂದು ಮೂರು ದಿನ ತಲೆ ಕೆಡಿಸಿಕೊಂಡೆ. ಬೀಳುವುದರಿಂದ ಶುರು ಮಾಡಿದರೆ ಒಂದು ಲಾಭವಿದೆ: ಯಾರೋ ದೊಪ್ಪನೆ ಬಿದ್ದ ಸದ್ದಾದರೆ ಎಂಥ ಸೋಮಾರಿ ಓದುಗನೂ ತಲೆಯೆತ್ತಿ ನೋಡುತ್ತಾನೆ. (ನಿಮ್ಮನ್ನು ಹೇಳಲಿಲ್ಲ. ನೀವು ಆಗಲೇ ನೋಡುತ್ತಿದ್ದೀರಿ.) ಕಡೆಗೆ ಅಕ್ಕನನ್ನೇ ಕೇಳಿದೆ. ಕಥೆ ಅವಳದು, ನಾನು ಬರೆಯುವವನು ಮಾತ್ರ. ಒಡಹುಟ್ಟಿದವಳ ಕಥೆ ಬರೆಯುವುದರಲ್ಲಿ ಇರುವ ತೊಂದರೆಯೆಂದರೆ ಪಾತ್ರವೇ ಫೋನ್ ಮಾಡಿ ಬೈಯುತ್ತದೆ.

"ಬಸ್ಸಿಂದ ಶುರು ಮಾಡು," ಎಂದಳು. "ಇಲ್ದಿದ್ರೆ ಓದೋರು ನಾನು ಹುಟ್ಟಿದಾಗಿಂದ್ಲೂ ಮುದುಕಿ ಅಂದ್ಕೋತಾರೆ."

ಸರಿ, ಬಸ್ಸು.

೧

ಅಕ್ಕ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದಳು. ಒಂದು ಕೈಯಲ್ಲಿ ಟಿಕೆಟ್ ಮೆಷಿನ್, ಇನ್ನೊಂದು ಕೈ ಚೀಲದೊಳಗೆ. ಕಂಬಿ ಹಿಡಿಯಲು ಮೂರನೆಯ ಕೈಯನ್ನು ದೇವರು ಕೊಟ್ಟಿರಲಿಲ್ಲ. ಬಲಗಾಲಿನ ಹಿಮ್ಮಡಿಯನ್ನು ಸೀಟಿನ ಕಾಲಿಗೆ ಒತ್ತಿ, ಸೊಂಟ ಸಡಿಲ ಬಿಟ್ಟು ನಿಂತಳೆಂದರೆ ಎಂಥ ತಿರುವಿನಲ್ಲೂ ಅಲುಗುತ್ತಿರಲಿಲ್ಲ. ಡ್ರೈವರ್ ಬ್ರೇಕ್ ತುಳಿಯುವುದು ಅವಳ ಪಾದಕ್ಕೆ ಅರೆಕ್ಷಣ ಮೊದಲೇ ತಿಳಿಯುತ್ತಿತ್ತು. ಮೈಮೇಲೆ ಬಂದು ಬಿದ್ದವರನ್ನು ಮೊಣಕೈಯಲ್ಲೇ ನೆಟ್ಟಗೆ ನಿಲ್ಲಿಸಿ, ಅದೇ ಉಸಿರಿನಲ್ಲಿ ಅವರ ಸ್ಟಾಪ್ ಯಾವುದೆಂದು ಕೇಳುತ್ತಿದ್ದಳು.

ಅಂಥವಳು ಅರವತ್ತೆಂಟನೆಯ ವಯಸ್ಸಿನಲ್ಲಿ, ಸ್ವಲ್ಪವೂ ಅಲುಗಾಡದ ನೆಲದ ಮೇಲೆ, ಔಷಧಿ ಅಂಗಡಿಯ ಒಂದೇ ಒಂದು ಮೆಟ್ಟಿಲಿಳಿಯುವಾಗ ಬಿದ್ದಳು. ಎಡಗೈ ಮಣಿಕಟ್ಟು ಮುರಿಯಿತು.

(ಇಲ್ಲಿ ವಿಧಿಯ ವ್ಯಂಗ್ಯದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಓದಿ ಹೇಳಿದೆ. ಅಕ್ಕ ಫೋನ್ ಇಟ್ಟಳು. ನಾಲ್ಕೂ ಸಾಲು ಹೊಡೆದುಹಾಕಿದೆ.)

ಆಗ ಅವಳ ಬಸುರಿ ಮಗಳಿಗೆ ಏಳು ತಿಂಗಳು ತುಂಬಿತ್ತು. ಹೊಟ್ಟೆ ಹೊತ್ತುಕೊಂಡೇ ಆಸ್ಪತ್ರೆಗೆ ಓಡಿಬಂದಳು. ಡಾಕ್ಟರು ಪ್ಲಾಸ್ಟರ್ ಹಾಕಿದ ಮೇಲೆ ಒಂದು ಚೀಟಿ ಬರೆದುಕೊಟ್ಟರು: ವಯಸ್ಸಾದವರಿಗೆ ಬ್ಯಾಲೆನ್ಸ್ ಕ್ಲಾಸ್, ಆರೋಗ್ಯ ಕೇಂದ್ರದ ಹಿಂದಿನ ಹಾಲ್, ಮಂಗಳವಾರ ಮತ್ತು ಶುಕ್ರವಾರ, ಮ್ಯಾಟ್ ಅಲ್ಲೇ ಕೊಡುತ್ತಾರೆ. ಅಕ್ಕ ಚೀಟಿಯನ್ನು ಮಡಚಿ ಡ್ರಾಯರಿಗೆ ಹಾಕಿದಳು. ಓಡುವ ಬಸ್ಸಿನಲ್ಲಿ ನಿಂತವಳಿಗೆ ನಿಲ್ಲುವುದನ್ನು ಯಾರು ಕಲಿಸಬೇಕು ಎಂಬುದು ಅವಳ ವಾದ. ಚಾಪೆ ಹಾಸಿಕೊಂಡು ಹೊರಳಾಡಲು ತಾನೇನು ಹಸುಗೂಸೇ ಎಂದೂ ಕೇಳಿದಳು. ಎರಡು ತಿಂಗಳಿಗೆ ಮನೆಗೆ ನಿಜವಾದ ಹಸುಗೂಸು ಬಂತು. ಹೆಣ್ಣು.

೨

ಎರಡನೆಯ ಕರಡಿನಲ್ಲಿ ಇಲ್ಲೊಂದು ಪುಟವಿತ್ತು. ಅಕ್ಕ ಹೊಡೆದುಹಾಕಿಸಿದಳು. ಈಗ ಅವಳ ಒಪ್ಪಿಗೆ ಪಡೆದು ಮತ್ತೆ ಹಾಕುತ್ತಿದ್ದೇನೆ. ಮುಂದೆ ಆದದ್ದೆಲ್ಲ ಆ ಪುಟದಿಂದಲೇ ಆಯಿತು.

ಮಗುವಿಗೆ ಒಂದೂವರೆ ತಿಂಗಳು. ಆ ಬೆಳಿಗ್ಗೆ ಮಗಳೂ ಅಳಿಯನೂ ಮಗುವನ್ನು ಚುಚ್ಚುಮದ್ದಿಗೆ ಕರೆದುಕೊಂಡು ಹೋದರು. ಅಕ್ಕ ಒಬ್ಬಳೇ ಇದ್ದಳು. ಸೋಫಾದಿಂದ ಹತ್ತಡಿ ಆಚೆ ಮಗುವಿನ ಕಾಲುಚೀಲವೊಂದು ಬಿದ್ದಿತ್ತು, ಹೆಬ್ಬೆರಳಿನಷ್ಟುದ್ದದ್ದು. ಎತ್ತಿಕೊಳ್ಳಲು ಬಗ್ಗಿದಳು. ಮೊಣಕಾಲು ಮಡಚಿಕೊಂಡಿತು, ನಿಧಾನಕ್ಕೆ ನೆಲದ ಮೇಲೆ ಕೂತುಬಿಟ್ಟಳು. ಪೆಟ್ಟಾಗಲಿಲ್ಲ, ನೋವೂ ಇರಲಿಲ್ಲ. ನಕ್ಕಳು ಕೂಡ. ಆಮೇಲೆ ಏಳಲು ಹೋದಳು.

ಆಗಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ಕೈ ಭಾರ ತಡೆಯುತ್ತಿರಲಿಲ್ಲ. ಕಾಲು ಚಾಚಿದರೆ ಜಾರುತ್ತಿತ್ತು, ಮಡಚಿದರೆ ಮೇಲಕ್ಕೆ ನೂಕುವಷ್ಟು ಕಸುವಿರಲಿಲ್ಲ. ನಾಲ್ಕು ಸಲ ಪ್ರಯತ್ನಿಸಿ ಅಂಗಾತ ಮಲಗಿದಳು. ಊಟದ ಮೇಜಿನ ಅಡಿಭಾಗ ಕಾಣಿಸಿತು. ಇಪ್ಪತ್ತು ವರ್ಷದಿಂದ ಉಂಡ ಮೇಜು. ಅದರ ಕೆಳಗೆ ಬಡಗಿ ಪೆನ್ಸಿಲಿನಲ್ಲಿ ಅಳತೆ ಬರೆದದ್ದನ್ನು ಆವತ್ತೇ ಮೊದಲು ನೋಡಿದ್ದು. ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿ ನಿಂತಿತು. ಮೇಜಿನ ಮೇಲೆ ಅವಳ ಫೋನ್ ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ಕೂಗಬಹುದಿತ್ತು. ಕೂಗಿದರೆ ಬಾಗಿಲು ಒಡೆಯುತ್ತಾರೆ, ನಾಲ್ಕು ಜನ ಸೇರಿ ಎತ್ತುತ್ತಾರೆ, ಸಂಜೆಯೊಳಗೆ ಇಡೀ ಬಿಲ್ಡಿಂಗಿಗೆ ಸುದ್ದಿ. ಕೂಗಲಿಲ್ಲ.

ಮತ್ತೆ ಕೂತು, ಕೂತಲ್ಲಿಂದಲೇ ಹಿಂದಕ್ಕೆ ತೆವಳಿದಳು. ಸೋಫಾದ ಪಕ್ಕ ಹಳೆ ಪೇಪರಿನ ಕಟ್ಟುಗಳಿದ್ದವು. ಒಂದು ಕಟ್ಟನ್ನು ಎಳೆದು ಅದರ ಮೇಲೆ ಕೂತಳು. ಎರಡು ಕಟ್ಟುಗಳನ್ನು ಪೇರಿಸಿ, ಅದರ ಮೇಲೆ ಹತ್ತಿ ಕೂತಳು. ಅಲ್ಲಿಂದ ಸೋಫಾ. ಹತ್ತೂ ಹತ್ತಕ್ಕೆ ಕೂತವಳು ಸೋಫಾ ಸೇರಿದಾಗ ಹನ್ನೆರಡೂ ಇಪ್ಪತ್ತೈದು.

ಮಗಳು ಬಂದಾಗ ಅಕ್ಕ ನಾಲ್ಕು ತಿಂಗಳ ಹಿಂದಿನ ಪೇಪರ್ ಓದುತ್ತಿದ್ದಳು. ಫೋನ್ ಯಾಕೆ ಎತ್ತಲಿಲ್ಲ ಎಂದು ಕೇಳಿದ್ದಕ್ಕೆ ಸ್ನಾನಕ್ಕೆ ಹೋಗಿದ್ದೆ ಎಂದಳು. ಕಾಲುಚೀಲ ಅವಳ ಮುಷ್ಟಿಯಲ್ಲೇ ಇತ್ತು.

ಮಾರನೆಯ ದಿನ ನನಗೆ ಫೋನ್ ಬಂತು. ಆ ಕ್ಲಾಸಿಗೆ ಕರ್ಕೊಂಡು ಹೋಗು, ಯಾಕೆ ಅಂತ ಕೇಳ್ಬೇಡ.

೩

ಕ್ಲಾಸಿನ ಹಾಲಿಗೆ ಉದ್ದನೆಯ ಟ್ಯೂಬ್‌ಲೈಟುಗಳು, ಒಂದು ಗೋಡೆಗೆ ಕನ್ನಡಿ, ರಬ್ಬರಿನ ವಾಸನೆ. ನೆಲದ ಮೇಲೆ ಎಂಟು ನೀಲಿ ಮ್ಯಾಟು. ಕಲಿಸುವವಳು ಇಪ್ಪತ್ತೇಳರ ಫಿಸಿಯೋ ಹುಡುಗಿ. ಅವಳಿಗಿಂತ ನಲವತ್ತು ವರ್ಷ ದೊಡ್ಡವರೆಲ್ಲ ಅವಳನ್ನು ಟೀಚರ್ ಎನ್ನುತ್ತಿದ್ದರು. ಮೊದಲ ದಿನ ಅಕ್ಕನಿಗೆ ಒಂಟಿ ಕಾಲಲ್ಲಿ ನಿಲ್ಲಲು ಹೇಳಿ ಗಡಿಯಾರ ಹಿಡಿದಳು. ನಾಲ್ಕು ಸೆಕೆಂಡು. ಪಕ್ಕದ ಮ್ಯಾಟಿನ ಟೈಲರ್, ಎಪ್ಪತ್ತೈದು ದಾಟಿದವನು, ಒಂಬತ್ತು ಸೆಕೆಂಡು ನಿಂತ. ಆ ಒಂಬತ್ತನ್ನು ಅಕ್ಕ ಮರೆಯಲಿಲ್ಲ.

ಮ್ಯಾಟಿನ ಅಂಚಿನ ಮೇಲೆ ಹೆಬ್ಬೆರಳಿಗೆ ಹಿಮ್ಮಡಿ ತಾಗಿಸಿ ನಡೆಯುವುದು. ಅಂಗಾತ ಮಲಗಿ ಸೊಂಟ ಎತ್ತುವುದು. ಅಂಬೆಗಾಲಿನಲ್ಲಿ ನಿಂತು ಬಲಗೈಯನ್ನೂ ಎಡಗಾಲನ್ನೂ ಒಟ್ಟಿಗೆ ಚಾಚುವುದು. ಇದರಲ್ಲಿ ಮೊದಲ ವಾರ ಎಂಟು ಜನರೂ ಒಬ್ಬರಾದ ಮೇಲೊಬ್ಬರು ಪಕ್ಕಕ್ಕೆ ಉರುಳಿದರು. ಮೆತ್ತನೆಯ ಮ್ಯಾಟಿನ ಮೇಲೆ ಬರಿಗಾಲಲ್ಲಿ ನಿಂತಾಗ ಪಾದದ ಕೆಳಗೆ ಏನೋ ಅಲುಗಿದಂತಾಗಿ, ಅಕ್ಕನ ಸೊಂಟ ತನ್ನಷ್ಟಕ್ಕೆ ತಾನೇ ಸಡಿಲವಾಯಿತಂತೆ. ಇಷ್ಟು ವರ್ಷ ಗಟ್ಟಿ ನೆಲವೇ ತನ್ನನ್ನು ಕೆಡಿಸಿದ್ದು ಎಂದು ಆವತ್ತು ಟೀಚರಿಗೆ ಹೇಳಿದಳು.

ಆದರೆ ಅವಳು ಕಾಯುತ್ತಿದ್ದ ಪಾಠ ಬೇರೆ. ನಾಲ್ಕನೆಯ ಕ್ಲಾಸಿನಲ್ಲಿ ಟೀಚರ್ ಎಲ್ಲರನ್ನೂ ಮಲಗಿಸಿ, ಇವತ್ತು ಏಳುವುದನ್ನು ಕಲಿಯೋಣ ಎಂದಳು. ಮೊದಲು ಸುಮ್ಮನೆ ಮಲಗಿ, ಎಲ್ಲಾದರೂ ನೋವಿದೆಯೇ ನೋಡಿಕೊಳ್ಳಿ. ಪಕ್ಕಕ್ಕೆ ಹೊರಳಿ. ಮೊಣಕೈ ಊರಿ ಅರ್ಧ ಏಳಿ. ಅಂಬೆಗಾಲಿಗೆ ಬಂದು ಕುರ್ಚಿಯ ಹತ್ತಿರ ಹೋಗಿ. ಕುರ್ಚಿ ಹಿಡಿದು, ಕಸುವಿರುವ ಕಾಲಿನ ಪಾದ ಮುಂದೆ ಊರಿ. ಒತ್ತಿ ಏಳಿ, ತಿರುಗಿ ಕುಳಿತುಕೊಳ್ಳಿ.

ಈ ಭಾಗಕ್ಕೆ ನಾನು "ಏಳಲು ಏಳು ಹಂತ" ಎಂದು ಹೆಸರಿಟ್ಟಿದ್ದೆ. ಪದದ ಆಟ ನನಗೇ ಬಹಳ ಹಿಡಿಸಿತ್ತು.

"ಆರೇ ಇರೋದು," ಎಂದಳು ಅಕ್ಕ.

ಒಂದು ಹಂತ ಸೇರಿಸಿದರೇನು, ಕಥೆ ತಾನೇ ಎಂದೆ.

"ಯಾರೋ ಇದನ್ನ ಓದಿರ್ತಾರೆ. ನಾಳೆ ಮನೇಲಿ ಬೀಳ್ತಾರೆ. ಆರೂ ಮಾಡಿ, ಏಳನೇದು ಏನಿತ್ತು ಅಂತ ಯೋಚನೆ ಮಾಡ್ಕೊಂಡು ಅಲ್ಲೇ ನಿಂತಿರ್ತಾರೆ. ನಿನ್ನ ತಮಾಷೆಗೆ."

ಹೀಗೆ ಈ ಕಥೆಗೆ ಈಗಿನ ಹೆಸರು ಬಂತು.

ಆ ದಿನ ಕ್ಲಾಸು ಮುಗಿದ ಮೇಲೆ ಹೊರಗಿನ ಬೆಂಚಿನ ಮೇಲೆ ಕೂತು ನನಗೆ ಕಾಲುಚೀಲದ ವಿಷಯ ಹೇಳಿದಳು. ಮಗಳಿಗೆ ಹೇಳಕೂಡದು ಎಂದೂ ಹೇಳಿದಳು. ಮಗಳು ಲ್ಯಾಬ್ ಟೆಕ್ನೀಷಿಯನ್. ಮಗುವಿಗೆ ಆರು ತಿಂಗಳಾದ ಕೂಡಲೇ ಕೆಲಸಕ್ಕೆ ಹಿಂದಿರುಗಬೇಕು. ಆಗ ಹಗಲು ಮಗುವನ್ನು ಅಮ್ಮ ನೋಡಿಕೊಳ್ಳುತ್ತಾಳೆ ಎಂದು ಮಾತಾಗಿತ್ತು. ಈ ಸುದ್ದಿ ತಿಳಿದರೆ ಆ ಮಾತು ಮುರಿಯುತ್ತದೆ.

ನಾನು ಆಣೆ ಮಾಡಿದೆ. ಮನೆಗೆ ಹೋಗಿ ಬರೆದೆ.

ಸಂಖ್ಯೆ ಹಾಕುವುದನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಮುಂದಿನದು ನನ್ನ ತಪ್ಪಿನ ಕಥೆ. ಅದಕ್ಕೆ ಅಂಕಿ ಕೊಟ್ಟು ಅಲಂಕಾರ ಮಾಡುವುದು ಸರಿಯಲ್ಲ.

ನನ್ನ ಕೈಬರಹವನ್ನು ಟೈಪ್ ಮಾಡಿಕೊಡುವವಳು ಅಕ್ಕನ ಮಗಳೇ. ಇದು ನಿಮಗೆ ಮೊದಲೇ ಹೇಳಬೇಕಿತ್ತು; ಹೇಳಿದ್ದರೆ ನೀವು ಆಗಲೇ ನನ್ನನ್ನು ತಡೆಯುತ್ತಿದ್ದಿರಿ. ಕಾಲುಚೀಲದ ಪುಟವನ್ನು ಅಕ್ಕನಿಗೆ ಓದಿ ಹೇಳಿದಾಗ ಹರಿದುಹಾಕು ಎಂದಳು. ನಾನು ಹರಿಯಲಿಲ್ಲ. ಮೇಜಿನ ಅಡಿಯ ಪೆನ್ಸಿಲ್ ಗುರುತು ಇತ್ತಲ್ಲ, ಅಂಥ ವಿವರ ಬರಹಗಾರನ ಬದುಕಿನಲ್ಲಿ ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಪುಟದ ಮೇಲೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದೆ, ಅಷ್ಟೇ. ತೆಳುವಾದ ಗೆರೆ. ಅದರಡಿ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕಾಣುತ್ತಿತ್ತು. ಹನ್ನೊಂದನೆಯ ವಾರ ಇಡೀ ಕಟ್ಟನ್ನು ಟೈಪ್ ಮಾಡಲು ಅವಳಿಗೆ ಕೊಟ್ಟುಬಂದೆ. ಆ ಪುಟ ಅದರಲ್ಲಿದೆ ಎಂಬುದು ಮರೆತುಹೋಗಿತ್ತು ಎಂದು ಎಲ್ಲರಿಗೂ ಹೇಳಿದ್ದೇನೆ. ನಿಮಗೂ ಹಾಗೇ ಹೇಳಬಹುದು. ಆದರೆ ಓದಲಿ ಎಂಬ ಆಸೆ ಒಳಗೆಲ್ಲೋ ಇತ್ತೇನೋ. ಅಷ್ಟು ಚೆನ್ನಾಗಿ ಬರೆದದ್ದನ್ನು ಒಬ್ಬರಾದರೂ ಓದಲಿ ಎಂದು.

ಮಗು ಮಲಗಿದ್ದಾಗ ಅವಳು ಓದಿದಳು. ಸಂಜೆ ಅಮ್ಮನ ಮುಂದೆ ಆ ಪುಟ ಇಟ್ಟು, ಇದು ನಿಜವೇ ಎಂದು ಒಂದೇ ಮಾತು ಕೇಳಿದಳು. ಅಕ್ಕ ಹೌದೆಂದಳು. ಮಗಳು ಎದ್ದುಹೋಗಿ ಒಂದು ಶಿಶುಪಾಲನಾ ಕೇಂದ್ರಕ್ಕೆ ಫೋನ್ ಮಾಡಿ, ಎರಡು ತಿಂಗಳ ನಂತರ ಜಾಗವಿದೆಯೇ ಎಂದು ವಿಚಾರಿಸಿದಳು. ಅಮ್ಮನಿಗೆ ಕೇಳಿಸಲಿ ಎಂದು ಅಲ್ಲೇ ನಿಂತು ಮಾತಾಡಿದಳು.

ಹತ್ತು ದಿನ ಅಮ್ಮ ಮಗಳ ನಡುವೆ ಮಾತಿಲ್ಲ. ಅಕ್ಕನಿಗೂ ನನಗೂ ಇಲ್ಲ. ಮಗುವನ್ನು ಅಕ್ಕನ ಕೈಗೆ ಕೊಡುತ್ತಿದ್ದರು, ಅವಳು ಸೋಫಾದಲ್ಲಿ ಪೂರ್ತಿ ಒರಗಿ ಕೂತ ಮೇಲೆ, ಎರಡೂ ಕಡೆ ದಿಂಬು ಇಟ್ಟು. ಬೆಲೆಬಾಳುವ ಗಾಜಿನ ಪಾತ್ರೆಯನ್ನು ಕೈನಡುಗುವವರ ಮುಂದೆ ಇಟ್ಟಂತೆ. 

(ಈ ಜಾಗದಲ್ಲಿ ಕಥೆಯನ್ನು ಮುಗಿಸಿಬಿಡುವ ಯೋಚನೆಯೂ ಬಂದಿತ್ತು. ದುಃಖದ ಮುಕ್ತಾಯಕ್ಕೆ ಪತ್ರಿಕೆಯವರು ಬೇಗ ಒಪ್ಪಿಗೆ ಕಳಿಸುತ್ತಾರೆ. ಅಕ್ಕ ಮಾತು ಬಿಟ್ಟಿದ್ದರಿಂದ ತಡೆಯುವವರೂ ಇರಲಿಲ್ಲ. ಆದರೂ ಕೈ ಓಡಲಿಲ್ಲ.)

ಅದರ ಬದಲು ಶುಕ್ರವಾರ ಒಬ್ಬನೇ ಕ್ಲಾಸಿಗೆ ಹೋದೆ. ಅಭ್ಯಾಸಬಲದಿಂದ ಹೋಗಿ ಬೆಂಚಿನ ಮೇಲೆ ಕೂತೆ. ಅಕ್ಕ ಬಂದಿರಲಿಲ್ಲ. ಟೀಚರ್ ಬಾಗಿಲಿಗೆ ಬಂದು, ಅಮ್ಮ ಎರಡು ಕ್ಲಾಸಿಗೆ ಬಂದಿಲ್ಲ, ಮ್ಯಾಟ್ ಖಾಲಿಯಿದೆ, ಚಪ್ಪಲಿ ಬಿಚ್ಚಿ ಬನ್ನಿ ಅಂಕಲ್ ಎಂದಳು. ನನಗೆ ಅರವತ್ತನಾಲ್ಕು. ಮೂವತ್ತಾರು ವರ್ಷ ಪ್ರೆಸ್ಸಿನಲ್ಲಿ ಕೂತು ಪ್ರೂಫ್ ನೋಡಿದವನು. ಹನ್ನೊಂದು ವಾರ ಅಕ್ಕನ ಪ್ರತಿಯೊಂದು ವ್ಯಾಯಾಮವನ್ನೂ ನೋಡಿ ಬರೆದುಕೊಂಡಿದ್ದೇನೆ, ನನಗೆ ಗೊತ್ತಿಲ್ಲದ್ದೇನಿದೆ ಎಂದುಕೊಂಡು ಹೋಗಿ ಮಲಗಿದೆ.

ಏಳಲು ಆಗಲಿಲ್ಲ. ಮೊಣಕೈ ಊರಿದರೆ ಮ್ಯಾಟು ಜಾರಿದಂತಾಯಿತು. ಮೊಣಕಾಲು ಎಲ್ಲಿಡಬೇಕೆಂದು ಹೊಳೆಯಲಿಲ್ಲ. ಟೈಲರ್ ಮೇಲಿನಿಂದ ನನ್ನನ್ನೇ ನೋಡುತ್ತಿದ್ದ. ಬೆವರು ಕಣ್ಣಿಗಿಳಿಯಿತು. ಸೀಲಿಂಗಿನಲ್ಲಿ ಯಾವ ವಿವರವೂ ಕಾಣಿಸಲಿಲ್ಲ. ಅಂಥ ಹೊತ್ತಿನಲ್ಲಿ ವಿವರ ನೋಡುವವಳು ಅಕ್ಕ, ನಾನಲ್ಲ. ಅಕ್ಕ ನೆಲದ ಮೇಲೆ ಕಳೆದ ಎರಡು ಗಂಟೆ ಹದಿನೈದು ನಿಮಿಷವನ್ನು ಬರೆಯಲು ನನಗೆ ಎಷ್ಟು ಹೊತ್ತು ಹಿಡಿದಿತ್ತು? ಮೂರು ಸೆಕೆಂಡು.

"ಮೊದ್ಲು ಪಕ್ಕಕ್ಕೆ ಹೊರಳೋ," ಎಂದಿತು ಒಂದು ದನಿ.

ಅಕ್ಕ ತಡವಾಗಿ ಬಂದು ಬಾಗಿಲಲ್ಲಿ ನಿಂತಿದ್ದಳು. ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಹತ್ತು ದಿನದ ಮೇಲೆ ನನಗೆ ಸಿಕ್ಕ ಮೊದಲ ಮಾತು ಅದು. ಹೊರಳಿದೆ. ಒಂದೊಂದೇ ಹಂತ ಹೇಳಿದಳು, ಸ್ಟಾಪುಗಳ ಹೆಸರು ಕೂಗಿದ ಹಾಗೆ, ಅವಸರವಿಲ್ಲದೆ. ಕುರ್ಚಿಯಲ್ಲಿ ಕೂತ ಮೇಲೆ ನಾನು ತಪ್ಪಾಯಿತು ಎಂದೆ. ನನ್ನ ಚಪ್ಪಲಿಯನ್ನು ಕಾಲಿನಿಂದಲೇ ನನ್ನತ್ತ ತಳ್ಳಿ, "ಅದು ಗೊತ್ತು. ಜಾಗ ಬಿಡು, ನನ್ ಮ್ಯಾಟು," ಎಂದಳು. ಆ ದಿನ ಒಂಟಿ ಕಾಲಲ್ಲಿ ಹದಿನೆಂಟು ಸೆಕೆಂಡು ನಿಂತಳು. ಟೈಲರ್ ಹದಿನಾಲ್ಕು.

ಮಧ್ಯಾಹ್ನ ನಾನೇ ಅವಳನ್ನು ಮನೆಗೆ ಬಿಟ್ಟೆ. ಹಾಲಿನಲ್ಲಿ ಹಾಸಿದ ರಗ್ಗಿನ ಮೇಲೆ ಮಗು ಬೋರಲಾಗಿ ಮಲಗಿ ತಲೆಯೆತ್ತಲು ಹೆಣಗುತ್ತಿತ್ತು. ಮಗಳು ಪಕ್ಕದಲ್ಲಿ ಕೂತಿದ್ದಳು. ಅಕ್ಕ ಬ್ಯಾಗು ಕೆಳಗಿಟ್ಟು, ಯಾರನ್ನೂ ಕೇಳದೆ, ಹಾಲಿನ ನಟ್ಟನಡುವೆ ಮೊಣಕಾಲೂರಿ, ಅಂಗೈಯೂರಿ, ನೆಲದ ಮೇಲೆ ಮಲಗಿದಳು.

ಮಗಳು ಗಾಬರಿಯಿಂದ ಎದ್ದಳು. ಅಕ್ಕ ಮಲಗಿದಲ್ಲಿಂದಲೇ, ಗಡಿಯಾರ ನೋಡು ಎಂದಳು. ಹೊರಳಿದಳು, ಮೊಣಕೈಯೂರಿದಳು, ಅಂಬೆಗಾಲಿಗೆ ಬಂದು ಕುರ್ಚಿಯತ್ತ ಹೋದಳು, ಎದ್ದು ಕೂತಳು. ನಲವತ್ತೆಂಟು ಸೆಕೆಂಡು.

ನಾನಾಗಿದ್ದರೆ ಇಲ್ಲಿ ಇಬ್ಬರನ್ನೂ ತಬ್ಬಿಸಿ ಅಳಿಸುತ್ತಿದ್ದೆ. (ಮೂರನೆಯ ಕರಡಿನಲ್ಲಿ ಹಾಗೇ ಮಾಡಿದ್ದೆ.) ಆದರೆ ಮಗಳು ಲ್ಯಾಬಿನವಳು.

"ಒಂದೇ ರೀಡಿಂಗ್ ನೋಡಿ ಏನೂ ಹೇಳಕ್ಕಾಗಲ್ಲಮ್ಮ," ಎಂದಳು. "ಇನ್ನೊಂದ್ಸಲ ಮಾಡು."

ಅಕ್ಕ ಮಾಡಿದಳು. ಐವತ್ತೊಂದು. ಮೂರನೆಯ ಸಲ ಮಗಳು ಎಲ್ಲ ಕುರ್ಚಿಗಳನ್ನೂ ಒಳಕೋಣೆಗೆ ಎಳೆದುಹಾಕಿ, ಮೇಜಿನ ಮೇಲಿದ್ದ ಅಮ್ಮನ ಫೋನಿಗೆ ತನ್ನ ಫೋನಿನಿಂದ ಕರೆ ಮಾಡಿದಳು. ಅದು ಹೊಡೆದುಕೊಳ್ಳತೊಡಗಿತು. ಮಗು ಬೆಚ್ಚಿ ಅಳಲು ಶುರುಮಾಡಿತು. ನಾನು ಮಗುವನ್ನು ಎತ್ತಿಕೊಳ್ಳಲು ಹೋದರೆ, ಮಾಮ, ಮುಟ್ಟಬೇಡಿ ಎಂದಳು. ಅಕ್ಕನ ಬಲಗಾಲು ಒಮ್ಮೆ ಜಾರಿತು. ಮತ್ತೆ ಊರಿದಳು. ಕೈಗೆಟಕುವಷ್ಟು ಹತ್ತಿರ ಹಿಡಿಯಲು ಏನೂ ಇಲ್ಲದ್ದರಿಂದ ತನ್ನ ತೊಡೆಯ ಮೇಲೆಯೇ ಎರಡೂ ಕೈಯಿಟ್ಟು, ಹಲ್ಲು ಕಚ್ಚಿ ಒತ್ತಿದಳು. ಎದ್ದು ನಿಂತಳು. ಎರಡು ಹೆಜ್ಜೆ ನಡೆದು ಫೋನ್ ಎತ್ತಿ, "ಹಲೋ" ಎಂದಳು.

ಮಗಳು ಫೋನನ್ನು ಕಿವಿಯಲ್ಲೇ ಇಟ್ಟುಕೊಂಡಿದ್ದಳು. ಒಂದು ನಿಮಿಷ ಹನ್ನೆರಡು ಸೆಕೆಂಡು. ಅಷ್ಟೇ ದೂರದಲ್ಲಿ ನಿಂತು, ಆ ಫೋನಿನಲ್ಲೇ ಮಾತಾಡಿದಳು.

"ಅವತ್ತು ನಾಲ್ಕು ಸಲ ಫೋನ್ ಮಾಡಿದ್ದೆ. ನೀನು ಬಿದ್ದಿದ್ದಕ್ಕೆ ನಂಗೆ ಕೋಪ ಇಲ್ಲ. ಸ್ನಾನಕ್ಕೆ ಹೋಗಿದ್ದೆ ಅಂದ್ಯಲ್ಲ, ಅದಕ್ಕೆ."

"ನಿಜ ಹೇಳಿದ್ರೆ ಮಗೂನ ನನ್ ಕೈಗೆ ಬಿಡ್ತಿದ್ಯಾ?"

"ಇಲ್ಲ."

"ಈಗ?"

"ಗೊತ್ತಿಲ್ಲಮ್ಮ. ಈಗ್ಲೂ ಗೊತ್ತಿಲ್ಲ."

ಅಕ್ಕನಿಗೆ ಆ ಉತ್ತರ ಸಮಾಧಾನ ತಂದಿತಂತೆ. ಯಾಕೆಂದು ಆಮೇಲೆ ಕೇಳಿದೆ. ಹೂಂ ಎಂದಿದ್ದರೆ ತನ್ನ ಮನಸ್ಸು ನೋಯದಿರಲಿ ಎಂದು ಹೇಳಿದಂತಿರುತ್ತಿತ್ತು. ಗೊತ್ತಿಲ್ಲ ಎಂದರೆ ತನ್ನನ್ನು ಇನ್ನೂ ಲೆಕ್ಕಕ್ಕಿಟ್ಟಿದ್ದಾಳೆ ಎಂದು ಅರ್ಥ. ಮಗು ಇನ್ನೂ ಅಳುತ್ತಿತ್ತು. ಅಕ್ಕ ಮತ್ತೆ ನೆಲಕ್ಕಿಳಿದು, ರಗ್ಗಿನ ಮೇಲೆ ಮಗುವಿನ ಎದುರು ಬೋರಲಾಗಿ ಮಲಗಿ, ಮುಖಕ್ಕೆ ಮುಖ ತಂದಳು. ಆ ಎತ್ತರದಲ್ಲಿ ಅಜ್ಜಿಯನ್ನು ಮಗು ಅದೇ ಮೊದಲು ಕಂಡದ್ದು. ಅಳು ನಿಲ್ಲಿಸಿ ನೋಡಿತು. ಮಗಳು ದಿಂಬು ತರಲಿಲ್ಲ.

ಒಪ್ಪಂದ ಹೀಗಾಯಿತು: ವಾರಕ್ಕೆ ಮೂರು ದಿನ ಶಿಶುಪಾಲನಾ ಕೇಂದ್ರ, ಸೋಮವಾರ ಮತ್ತು ಗುರುವಾರ ಅಜ್ಜಿ. ಬಿದ್ದರೆ, ಎಡವಿದರೆ, ಸುಮ್ಮನೆ ಕುಸಿದು ಕೂತರೂ ಅದೇ ದಿನ ಹೇಳಬೇಕು. ಇದು ಮಗಳ ಷರತ್ತು. ಮನೆಯೊಳಗೆ ಕ್ಯಾಮೆರಾ ಇಡಕೂಡದು, ಇದು ಅಕ್ಕನದು. ಮ್ಯಾಟ್ ಕ್ಲಾಸು ಹದಿನಾರು ವಾರಕ್ಕೆ ಮುಗಿದರೂ ಬಿಡುವ ಹಾಗಿಲ್ಲ. ನನ್ನ ಬಗ್ಗೆಯೂ ಒಂದು ಷರತ್ತು ಬಂತು: ಇನ್ನು ಮುಂದೆ ನನ್ನ ಕರಡನ್ನು ನಾನೇ ಟೈಪ್ ಮಾಡಿಕೊಳ್ಳಬೇಕು. ಇದನ್ನು ಎರಡು ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ.

ಈಗ ಮುಕ್ತಾಯ.

ಮೊದಲ ಸೋಮವಾರ ಬೆಳಿಗ್ಗೆ ಎಂಟೂವರೆಗೆ ನೋಟ್‌ಬುಕ್ ಹಿಡಿದು ಅಕ್ಕನ ಮನೆಗೆ ಹೋದೆ. ಮಗಳು ಡಬ್ಬಿ ತೆಗೆದುಕೊಂಡು ಹೊರಟಿದ್ದಳು. ಮೆಟ್ಟಿಲಿನವರೆಗೆ ಹೋಗಿ ಹಿಂದಿರುಗಿ ಬಂದಳು, ಮಗುವಿನ ಟೋಪಿ ಸರಿಮಾಡಿದಳು, ಮತ್ತೆ ಹೋದಳು. ನಾನು ಸೋಫಾದ ಮೂಲೆ ಹಿಡಿದು ಪೆನ್ನಿನ ಮುಚ್ಚಳ ತೆಗೆದೆ. ನನ್ನ ಬಳಿ ಎರಡು ಮುಕ್ತಾಯಗಳು ತಯಾರಿದ್ದವು. ಒಂದರಲ್ಲಿ ಅಕ್ಕ ಮಗುವನ್ನೆತ್ತಿಕೊಂಡು ಕಿಟಕಿಯ ಬಳಿ ನಿಂತು, ಕೆಳಗೆ ಹೋಗುವ ಮಗಳಿಗೆ ಕೈಬೀಸುತ್ತಾಳೆ. ಇನ್ನೊಂದರಲ್ಲಿ ಬೀಳುತ್ತಾಳೆ. ಎರಡನ್ನೂ ಅವಳಿಗೆ ಹೇಳಿದೆ, ಯಾವುದು ಬೇಕೆಂದು ಕೇಳಿದೆ.

ಅಕ್ಕ ಎರಡನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳು. ಆಮೇಲೆ ನನ್ನ ಚಪ್ಪಲಿಯನ್ನು ಬಾಗಿಲ ಹೊರಗಿಟ್ಟಳು.

"ನೀನು ಕೂತ್ಕೊಂಡು ನೋಡ್ತಿದ್ರೆ ನಾನು ನೋಡ್ಕೊಂಡ ಹಾಗಾಗಲ್ಲ ಕಣೋ. ಹೋಗು."

ಕಥೆ ಅರ್ಧಕ್ಕೇ ನಿಲ್ಲುತ್ತದೆ ಎಂದೆ. ನಿಲ್ಲಲಿ ಎಂದಳು. ಓದುವವರಿಗೆ ಏನು ಹೇಳಲಿ ಎಂದೆ. ಅವರಿಗೂ ಮನೆ ಮಠ ಇರುತ್ತೆ, ಹೋಗ್ತಾರೆ ಎಂದಳು. ಬಾಗಿಲು ಹಾಕಿದಳು. ಒಳಗಿನಿಂದ ಚಿಲಕ ಬಿದ್ದ ಸದ್ದು, ಆಮೇಲೆ ರಗ್ಗನ್ನು ಕೊಡವಿ ಹಾಸಿದ ಸದ್ದು. ಅದಕ್ಕಿಂತ ಹೆಚ್ಚಿಗೆ ನನಗೂ ಕೇಳಿಸಲಿಲ್ಲ.

ಆದ್ದರಿಂದ ಒಳಗೆ ಏನಾಯಿತೆಂದು ನನ್ನನ್ನು ಕೇಳಬೇಡಿ. ತೀರ ತಿಳಿಯಲೇಬೇಕಿದ್ದರೆ ಎರಡನೆಯ ಮಹಡಿ, ಎಡಗಡೆಯ ಬಾಗಿಲು. ತಟ್ಟಿ ನೀವೇ ಕೇಳಿಕೊಳ್ಳಿ. ಹೇಳುವ ಮನಸ್ಸಿದ್ದರೆ ಹೇಳುತ್ತಾಳೆ. ಹನ್ನೊಂದರಿಂದ ಹನ್ನೆರಡರವರೆಗೆ ಮಾತ್ರ ತಟ್ಟಬೇಡಿ, ಮಗು ಮಲಗಿರುತ್ತದೆ.